ಪುಕ್ಕಟೆ ವಿಪಿಎನ್

ನಮ್ಮೂರಿನಲ್ಲಿ ಯಾರು ಕಂಪ್ಯೂಟರಿನಲ್ಲಿ ಏನು ಹುಡುಕಿದರೆಂಬುದು ಮರುದಿನ ಬೆಳಿಗ್ಗೆ ಹಾಲಿನ ಡೇರಿಯ ಫಲಕದ ಮೇಲೆ ಹೆಸರಿನ ಸಮೇತ ಬರುತ್ತದೆ. ಅದಕ್ಕೇ ಹುಡುಕಿದ್ದನ್ನು ಮರೆಮಾಚುವ ವಿಪಿಎನ್ ಕೇಳಲು ಮೌನೇಶಣ್ಣನ ಕಂಪ್ಯೂಟರ್ ಅಂಗಡಿಗೆ ಹೋದೆ.

"ರೊಕ್ಕದ್ದು ಹಾಕಿದ್ರ ನಿನ್ನ ಹೆಸರಿನ ಮುಂದ ಖಾಲಿ ಇರ್ತದ. ಪುಕ್ಕಟೆದ್ರಾಗ ನೀ ಹುಡುಕಿದ್ದು ಬ್ಯಾರೆ ಊರಿನ ಹುಡುಗಿ ಹೆಸರಿಗೆ, ಆಕಿದು ನಿನ್ನ ಹೆಸರಿಗೆ. ಯಾವ್ದು ಬೇಕವಾ?"

ನಮ್ಮ ಓಣಿಯಲ್ಲಿ ಹುಡುಗಿಯ ಹೆಸರಿನ ಮುಂದೆ ಖಾಲಿ ಇದ್ದರೆ ಜನ ತಾವೇ ತುಂಬುತ್ತಾರೆ. ಪುಕ್ಕಟೆಯದನ್ನೇ ಹಾಕಿಸಿಕೊಂಡೆ. ಆ ಬೇರೆ ಊರಿನ ಹುಡುಗಿ ರಂಗೋಲಿಯನ್ನೋ ರವೆ ಉಂಡಿಯನ್ನೋ ಹುಡುಕುತ್ತಾಳೆ ಎಂದುಕೊಂಡು, ಶಾಲೆ ಬಿಟ್ಟವರು ಹತ್ತನೆಯ ತರಗತಿಯ ಪರೀಕ್ಷೆ ಬರೆಯುವುದು ಹೇಗೆಂದು ನಾನು ಹುಡುಕಿದೆ.

ಮರುದಿನ ಅಪ್ಪ ಹಾಲು ತಂದಿಟ್ಟು ಕಂಪ್ಯೂಟರಿನ ವೈರು ಕಿತ್ತರು.

"ಮನ್ಯಾಗ ಹೇಳದ ಕಾಲೇಜು ಸೇರೂದು ಹ್ಯಾಂಗ ಅಂತ ಹುಡುಕೀಯಂತಲ್ಲ?"

ನಾನು ಹುಡುಕಿದ್ದನ್ನು ಅವಳ ಹೆಸರಿನ ಮುಂದೆ ಓದಿ, ಆ ಊರಿನಲ್ಲಿ ಅವಳ ವೈರನ್ನೂ ಯಾರೋ ಸುತ್ತಿಡುತ್ತಿರಬೇಕು.