ಫೋನು ನೆನಪಿಟ್ಟ ಜಾಗ

"ಇದಲ್ಲ ಕಣವ್ವ ಜಾಗ. ಫೋನು ಒಪ್ತಾನೇ ಇಲ್ಲ" ಎಂದ ಪ್ರಭುಸ್ವಾಮಿ, ಮೊಬೈಲನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ.

ಕೇತಿ ಸೆರಗು ಸರಿಮಾಡಿಕೊಂಡು ಪಾಯದ ಕಲ್ಲಿನ ಮೇಲೆ ಇನ್ನಷ್ಟು ನೆಟ್ಟಗೆ ನಿಂತಳು, ತಾನು ನಿಂತದ್ದರಲ್ಲೇ ಏನೋ ತಪ್ಪಿರಬೇಕು ಎಂಬಂತೆ. ಅವಳೂ ಗಂಡ ಚಿಕ್ಕಮಾದನೂ ಹಳ್ಳದಿಂದ ಹೊತ್ತು ತಂದು ಜೋಡಿಸಿದ ಕಲ್ಲು ಮೊಣಕಾಲೆತ್ತರಕ್ಕೆ ಬಂದಿತ್ತು. ಸರ್ಕಾರ ಕೊಟ್ಟ ಮನೆ. ಪಾಯದ ಫೋಟೋ ಹೋದರೆ ಮೊದಲ ಬಿಲ್ಲು, ಬಿಲ್ಲು ಬಂದರೆ ಗೋಡೆ, ಗೋಡೆ ಎದ್ದರೆ ಮಳೆ ಹಿಡಿಯುವ ಮುಂಚೆ ಮೇಲೊಂದು ಶೀಟು. ಅಷ್ಟಾದರೆ ಸಾಕಿತ್ತು ಕೇತಿಗೆ. ಚೊಚ್ಚಲ ಹೆರಿಗೆಗೆಂದು ಬಂದಿದ್ದ ಕಿರಿಯ ಮಗಳು ಪ್ರೇಮಾ ಟಾರ್ಪಾಲಿನ ಗುಡಿಸಲ ಬಾಯಲ್ಲಿ ಕಾಲು ಚಾಚಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ಏಳು ತಿಂಗಳು ತುಂಬಿತ್ತು.

"ಬೆಳಿಗ್ಗೆ ನಿಮ್ಮ ಹಾಡಿಯ ಹೊಸ ರಸ್ತೆ ಫೋಟೋ ಒಂದೇ ಸಲಕ್ಕೆ ಓಕೆ ಆಯ್ತು. ನೀನ್ಯಾಕವ್ವ ಹಿಂಗೆ ಸತಾಯಿಸ್ತೀಯ?" ಎಂದು ಪ್ರಭುಸ್ವಾಮಿ ನಗಿಸಲು ನೋಡಿದ. ಪಂಚಾಯಿತಿಯ ಬಿಲ್ ಕಲೆಕ್ಟರ್ ಅವನು. ಕೆಟ್ಟವನೇನಲ್ಲ, ಕಾಡಂಚಿನ ಈ ಹಾಡಿಗೆ ಬಂದರೆ ಕೊಟ್ಟ ಕರಿಕಾಫಿ ಕುಡಿದು, ಮಕ್ಕಳ ತಲೆಗೊಂದು ಮೊಟಕಿ ಹೋಗುವವನು.

"ಇನ್ನೊಂದ್ಸಲ ಒಡೀರಿ ಬುದ್ದಿ. ಮೋಡ ಐತಲ್ಲ, ಅದ್ಕೇ ಇರ್ಬೈದು" ಎಂದ ಚಿಕ್ಕಮಾದ.

"ಮೋಡ ಅಲ್ಲ ಕಣೋ ಮಾದ. ಇಲ್ನೋಡು, ಹೋದ್ವರ್ಷ ಮನೆ ಮಂಜೂರಾದಾಗ ತೆಗೆದ ಫೋಟೋ. ಇದನ್ನ ಎಲ್ಲಿ ತೆಗೆದ್ವೋ ಆ ಜಾಗನ ಫೋನು ನೆಪ್ಪಿಟ್ಕೊಂಡದೆ. ಮನೆ ಅಲ್ಲೇ ಏಳ್ಬೇಕು. ನೀವು ಇತ್ತಗೆ ಬಂದು ಪಾಯ ಹಾಕಿದ್ರೆ ಹೆಂಗಪ್ಪ?"

ಕೇತಿ ಇಳಿದು ಬಂದು ಇಣುಕಿದಳು. ಫೋಟೋದಲ್ಲಿ ಹಳೆಯ ಬಿದಿರ ಗುಡಿಸಲ ಮುಂದೆ ತಾನು ಕಂಬದಂತೆ ನಿಂತಿದ್ದಳು. ಹಿಂದೆ, ಬಾಗಿಲ ಸಂದಿಯಲ್ಲಿ, ಹಿರಿಯ ಮಗಳು ಚಂದ್ರಿಕಾ. ಅರ್ಧ ಮುಖ, ಬಾಯ್ತುಂಬ ನಗು. "ಅವ್ವೋ, ಒಸಿ ನಗವ್ವ, ಸರ್ಕಾರ್ದೋರು ಎದ್ರಿಕತ್ತಾರೆ" ಎಂದು ಅವತ್ತು ಹಿಂದಿನಿಂದ ಕೂಗಿದವಳು ಅವಳೇ. ದೀಪಾವಳಿ ಹೊತ್ತಿಗೆ ಬಂದ ಜ್ವರ ಅವಳನ್ನು ಅದೇ ಗುಡಿಸಲಲ್ಲಿ ಮುಗಿಸಿತ್ತು. ಸಾವಾದ ಗುಡಿಸಲಲ್ಲಿ ಈ ಹಾಡಿಯವರು ಮತ್ತೆ ಒಲೆ ಹಚ್ಚುವುದಿಲ್ಲ. ಬಿದಿರು ಬಿಚ್ಚಿ, ಹುಲ್ಲು ಕೆಡವಿ, ಆ ನೆಲವನ್ನು ಹೋದವಳಿಗೇ ಬಿಟ್ಟು, ಹೊನ್ನೆಮರದ ಈಚೆಗೆ ಬಂದು ಟಾರ್ಪಾಲು ಕಟ್ಟಿಕೊಂಡಿದ್ದರು. ಪಾಯವನ್ನೂ ಇಲ್ಲೇ ತೋಡಿದರು. ಇದನ್ನು ಯಾರಿಗಾದರೂ ಹೇಳಿ ಮಾಡಬೇಕು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ.

"ಮಗಿ ಓದ ಜಾಗ ಬುದ್ದಿ ಅದು" ಎಂದಳು ಕೇತಿ. "ಪೋನ್ಗೆ ಅಂಗಂತ ಒಸಿ ಏಳಿ."

ಪ್ರಭುಸ್ವಾಮಿ ಸಿಗ್ನಲ್ ಸಿಗುವ ದಿಬ್ಬ ಹತ್ತಿದ. ಕೈ ಆಡಿಸುತ್ತ ಬಹಳ ಹೊತ್ತು ಮಾತಾಡಿದ. ಇಳಿದು ಬರುವಾಗ ಅವನ ನಗು ದಿಬ್ಬದ ಮೇಲೇ ಉಳಿದಿತ್ತು.

"ಪಿಡಿಒ ಸಾಹೇಬ್ರು ಮೇಲಿನೋರ್ನ ಕೇಳಿದ್ರು. ಅವ್ರು ಅವ್ರ ಮೇಲಿನೋರ್ನ ಕೇಳಿದ್ರು. ಈ ಫೋನ್ಗೆ ಬುದ್ಧಿ ಹೇಳೋರು ಯಾರು ಅಂತ ಅಲ್ಲೂ ಯಾರ್ಗೂ ಗೊತ್ತಿಲ್ವಂತೆ ಕಣವ್ವ. ನಾಳೆ ಮಾರ್ಚ್ ಕಡೇ ದಿನ. ಈ ಕಲ್ಲನ್ನೇ ಕಿತ್ತು ಹಳೇ ಜಾಗಕ್ಕೆ ಹಾಕ್ಬುಡಿ, ಬೆಳಿಗ್ಗೆ ಬಂದು ಫೋಟೋ ಹೊಡ್ಕೊಂಡು ಹೋಗ್ತೀನಿ. ಇಲ್ದಿದ್ರೆ ಮನೆ ವಾಪಸ್ ಹೋಗುತ್ತೆ. ಮತ್ತೆ ನಿಮ್ಮ ಹೆಸ್ರು ಯಾವ ಕಾಲಕ್ಕೆ ಬತ್ತದೋ."

"ಪಟ ಅಲ್ಲಿ, ಮನೆ ಇಲ್ಲಿ ಆಗಕಿಲ್ವ?" ಎಂದ ಚಿಕ್ಕಮಾದ.

"ಗೋಡೆ ಫೋಟೋನೂ ಅಲ್ಲೇ, ಸೂರಿನ ಫೋಟೋನೂ ಅಲ್ಲೇ ಕಣೋ."

ಅವನ ಬೈಕಿನ ಸದ್ದು ಅಡಗಿತು. ಆಮೇಲೆ ಚಿಕ್ಕಮಾದ ಕೈಯಲ್ಲಿದ್ದ ಹಾರೆಯನ್ನು ಮಣ್ಣಿಗೆ ಒಗೆದ. "ಅವ್ಳ ಎದೆ ಮ್ಯಾಲೆ ಕಲ್ಲಿಕ್ಕಾಕೆ ನನ್ ಕೈಲಾಗಕಿಲ್ಲ" ಎಂದವನೇ ಹಳ್ಳದ ಕಡೆ ಇಳಿದು ಹೋದ. ಕೇತಿ ಆ ಹಾರೆಯನ್ನು ಎತ್ತಿಕೊಂಡಳು. ಮೊದಲ ಕಲ್ಲಿನ ಸಂದಿಗೆ ಇಟ್ಟು ಮೀಟಿದಳು.

"ಅಲ್ಲೇ ಕಟ್ತೀಯೇನವ್ವ?" ಪ್ರೇಮಾಳ ದನಿ ಕುಗ್ಗಿತ್ತು. "ಅಕ್ಕ ಓದ ಜಾಗ್ದಲ್ಲಿ ನನ್ ಮಗೀನ ಮಲುಗ್ಸಾದಾ?"

"ಮಳೆ ಬಂದ್ರೆ ಎಲ್ಲಿ ಮಲುಗುಸ್ತೀಯ, ನೀನೇ ಏಳು. ಈ ಟಾರ್ಪಾಲ್ನಾಗಾ?"

ಪ್ರೇಮಾ ನೆಲಕ್ಕೆ ಕೈಯೂರಿ ಎದ್ದು ಒಳಗೆ ಹೋದಳು.

ಕೇತಿ ಕಲ್ಲನ್ನು ತಲೆಗೇರಿಸಿಕೊಂಡು ಹೊನ್ನೆಮರ ದಾಟಿದಳು. ಹಳೆಯ ಜಾಗದಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಒಲೆಯಿದ್ದ ಮೂಲೆಗೆ ಹೋದಳು, ಅಲ್ಲಿ ಇಳಿಸಲಾಗಲಿಲ್ಲ. ಚಾಪೆ ಹಾಸುತ್ತಿದ್ದ ಕಡೆಗೆ ಕಾಲೇ ಹೋಗಲಿಲ್ಲ. ಕತ್ತು ಸೋತು, ಬಾಗಿಲಿದ್ದ ಕಡೆ ಹೇಗೋ ಇಳಿಸಿ, ಒಂದು ಗಳಿಗೆ ಅದರ ಮೇಲೆ ಅಂಗೈ ಊರಿ ಕೂತಳು. ಆಮೇಲೆ ಎರಡನೆಯ ಕಲ್ಲಿಗೆಂದು ತಿರುಗಿ ಬಂದಳು.

ಟಾರ್ಪಾಲಿನ ಗುಡಿಸಲ ಬಾಯಿ ಬರಿದಾಗಿತ್ತು. ತಲೆಯ ಮೇಲೆ ಬಟ್ಟೆಗಂಟು, ಸೊಂಟದ ಮೇಲೊಂದು ಕೈ, ಪ್ರೇಮಾ ಪಿರಿಯಾಪಟ್ಟಣದ ಕಡೆಯ ಗಂಡನ ಹಾಡಿಗೆ ಹೊರಟು ಕಾಂಕ್ರೀಟ್ ರಸ್ತೆಯಲ್ಲಿ ಆಗಲೇ ದೂರ ಹೋಗಿದ್ದಳು. ಮೊದಲಿನ ಕಾಲುದಾರಿಯಾಗಿದ್ದರೆ ಬಿದಿರ ಮೆಳೆಯ ತಿರುವಿನಲ್ಲೇ ಮರೆಯಾಗಿಬಿಡುತ್ತಿದ್ದಳು. ಹೊಸ ರಸ್ತೆ ನೆಟ್ಟಗಿತ್ತು. ಬಸ್ಸು ನಿಲ್ಲುವ ಜಾಗದವರೆಗೂ ಅವಳ ಬೆನ್ನು ಕೇತಿಗೆ ಕಾಣುತ್ತಲೇ ಇತ್ತು.