ಟಿವಿಯೊಳಗಿನ ನಗು

ಈಗಲೂ ಟಿವಿಯಲ್ಲಿ ಜನ ಒಟ್ಟಾಗಿ ನಕ್ಕರೆ ನನ್ನ ಕೈ ರಿಮೋಟ್ ಹುಡುಕುತ್ತದೆ.

ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಅಂದು ಮಧ್ಯಾಹ್ನ ಹಳೇ ಕಾಲದ ಇಂಗ್ಲಿಷ್ ಅರಮನೆಯ ಹಾಸ್ಯ ಧಾರಾವಾಹಿ ನಡೆಯುತ್ತಿತ್ತು. ಅದರಲ್ಲಿನ ಪೆದ್ದು ಆಳು ಅಪ್ಪನಿಗೆ ಅಚ್ಚುಮೆಚ್ಚು. ಆಗಲೇ, ಅಪ್ಪ ಡ್ರೈವರ್ ಆಗಿದ್ದ ಸಲ್ವಾ ಬಡಾವಣೆಯ ಮನೆಯಿಂದ ಕಫೀಲ್, ಅಂದರೆ ಅಪ್ಪನಿಗೆ ವೀಸಾ ಕೊಟ್ಟ ಅರಬ್ ಧಣಿ, ಫೋನ್ ಮಾಡಿದ. ಅಪ್ಪ ಬನಿಯನ್ನಿನಲ್ಲೇ ಎದ್ದು ನೆಟ್ಟಗೆ ನಿಂತರು. ಟಿವಿಯಲ್ಲಿ ಒಡೆಯ ಆಳಿಗೆ ಒದ್ದ. ಜನ ಗೊಳ್ಳೆಂದು ನಕ್ಕರು. ಫೋನಿನಲ್ಲಿ ಕೇಳುತ್ತಿದ್ದ ಕಫೀಲನ ಬೈಗುಳ ಥಟ್ಟನೆ ನಿಂತಿತು.

“ಬಂದ್ ಮಾಡು ಮಾರಾಯ್ತಿ!” ಅಮ್ಮ ಪಿಸುಗುಟ್ಟಿದರು. ಪ್ಲಾಸ್ಟಿಕ್ ಸುತ್ತಿದ ರಿಮೋಟ್ ನನ್ನ ಬೆವರುಗೈಯಿಂದ ಜಾರಿತು. ಜನ ಮತ್ತೆ ನಕ್ಕರು.

“ನಾವು ನಗಲಿಲ್ಲ ಬಾಬಾ, ಟಿವಿ,” ಅಪ್ಪ ಧಣಿಗೆ ಅರಬಿಯಲ್ಲಿ ಗೋಗರೆದರು. ಅಷ್ಟರಲ್ಲಿ ಟಿವಿ ಆರಿಸಿದೆ. ಫೋನೂ ಕಟ್ಟಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ, “ಹಾಕು ಮಗಾ. ಆ ಆಳಿಗೆ ಏನಾಯ್ತು ನೋಡುವ,” ಎಂದರು.

ಸೋಫಾದಲ್ಲಿ ಜಾಗ ಇತ್ತು. ಮುಗಿಯುವವರೆಗೂ ಅಪ್ಪ ನಿಂತೇ ನೋಡಿದರು.