ತುಕ್ಕು ಹಿಡಿಸಿದ ಡಬ್ಬಿ

ವಾರಗಿತ್ತಿ ಡಬ್ಬಿಯನ್ನು ಕೈಗೆತ್ತಿಕೊಂಡಳು. ಹಳೇ ಸಾಮಾನಿನ ಬೀದಿಯ ಈಚೆ ಬದಿಯಲ್ಲಿ ಒಡಕು ಕನ್ನಡಿಯೊಂದನ್ನು ಕೊಳ್ಳುವವಳಂತೆ ನಿಂತಿದ್ದ ಕಿರಿಸೊಸೆ ಅದನ್ನು ಸ್ವಲ್ಪ ಓರೆ ಮಾಡಿದಳು. ಕನ್ನಡಿಯೊಳಗೆ ಎಲ್ಲ ಕಾಣುತ್ತಿತ್ತು. ವಾರಗಿತ್ತಿ ಮುಚ್ಚಳ ತೆಗೆದಳು, ಒಳಗೆ ಮೂಸಿದಳು, ತಳವನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ಚೌಕಾಸಿಯನ್ನೂ ಮಾಡದೆ ಕೊಂಡು ಚೀಲಕ್ಕೆ ಹಾಕಿಕೊಂಡು ಹೊರಟಳು.

ಮೀನು ಗಾಳ ಕಚ್ಚಿತ್ತು. ಕಿರಿಸೊಸೆ ಕನ್ನಡಿಯನ್ನು ಕೆಳಗಿಟ್ಟು, ಎಷ್ಟೋ ದಿನಗಳ ಮೇಲೆ ಮನಸಾರೆ ನಕ್ಕಳು.

ಹಗೆ ಹಳೆಯದು. ಹಾಸಿಗೆ ಹಿಡಿದ ಅತ್ತೆಯ ಸೇವೆಯನ್ನು ಕೊನೆತನಕ ಮಾಡಿದವಳು ಕಿರಿಸೊಸೆ. ಅತ್ತೆ ಹೋದ ಮೇಲೆ ಅವರ ಹೊಲಿಗೆಪೆಟ್ಟಿಗೆಯನ್ನು ಯಾರಿಗೂ ಒಂದು ಮಾತು ಹೇಳದೆ ಎತ್ತಿಕೊಂಡು ಹೋದವಳು ಈ ವಾರಗಿತ್ತಿ, ಹಿರಿಸೊಸೆ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಆಮೇಲೊಂದು ದಿನ ನೆಂಟರೆಲ್ಲ ಸೇರಿದ್ದ ಊಟದ ಹೊತ್ತಿನಲ್ಲಿ ಅವಳಾಡಿದ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ಉಳಿದುಬಿಟ್ಟಿತ್ತು.

ಕಿರಿಸೊಸೆಯ ಮನೆಯಲ್ಲಿ ಏನೂ ದಂಡವಾಗುತ್ತಿರಲಿಲ್ಲ. ಹಳೇ ಹೊದಿಕೆಗಳು ಪರದೆಗಳಾಗಿದ್ದವು. ಚಿಂದಿಬಟ್ಟೆ ಹೆಣೆದು ಕಾಲೊರಸು ಮಾಡಿದ್ದಳು. ಮುರಿದ ಕೊಡೆಯೊಂದು ದೀಪಕ್ಕೆ ಟೋಪಿಯಾಗಿತ್ತು. ಗಂಡನ ಅಂಗಿಯ ಕಾಲರು ಸವೆದರೆ ಬಿಚ್ಚಿ ಮಗುಚಿ ಹೊಲಿಯುತ್ತಿದ್ದಳು. ಇದೆಲ್ಲ ಬಡತನಕ್ಕೆ ಮಾಡಿದ್ದಲ್ಲ, ಅವಳಿಗೆ ಅದರಲ್ಲೊಂದು ಸುಖವಿತ್ತು. ಈ ಸಂಸಾರಕ್ಕೆಲ್ಲ ಕಿರೀಟವೆಂದರೆ ನಡುಮನೆಯ ಕಪಾಟು. ಅದರ ತುಂಬ ಹಕ್ಕಿಗಳ ಚಿತ್ರವಿದ್ದ ಹಳೇ ಕಾಲದ ತಗಡಿನ ಡಬ್ಬಿಗಳು. ಅವತ್ತು ಹಿರಿಸೊಸೆ ತುದಿ ಕಂದುಗಟ್ಟಿದ ಬೆರಳನ್ನು ಆ ಡಬ್ಬಿಗಳ ಮೇಲೆ ಸವರುತ್ತಾ, ನಿನ್ನ ಮನೆಗೆ ಬಂದರೆ ಗುಜರಿ ಅಂಗಡಿಗೆ ಬಂದ ಹಾಗಾಗುತ್ತೆ ಕಣೆ ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಕಟ್ಟಿಕೊಂಡ ಗಂಡನೂ ನಕ್ಕಿದ್ದ.

ತಮಾಷೆಯೆಂದರೆ, ಹಾಗೆಂದವಳಿಗೂ ಅದೇ ಹುಚ್ಚು. ಭಾನುವಾರದ ಬೀದಿಗೆ ಕಿರಿಸೊಸೆ ಎಷ್ಟು ಬೇಗ ಬಂದರೂ ಹಿರಿಸೊಸೆ ಅವಳಿಗಿಂತ ಮುಂಚೆ ಬಂದಿರುತ್ತಿದ್ದಳು. ಒಮ್ಮೆ ಅವಳು ಆಟೋ ಇಳಿಯುವುದನ್ನೇ ಕಿರಿಸೊಸೆ ಕಂಡಿದ್ದಳು. ಚೀಲ ಆಗಲೇ ಉಬ್ಬಿಕೊಂಡಿತ್ತು. ಇನ್ನೆಲ್ಲೋ ಗುಡಿಸಿ ಬಳಿದುಕೊಂಡು ಇಲ್ಲಿಗೂ ಬಂದಳಲ್ಲ ಎಂದು ಹೊಟ್ಟೆ ಉರಿದಿತ್ತು. ಆದರೂ ಒಮ್ಮೊಮ್ಮೆ ಅದೃಷ್ಟ ಕೈ ಹಿಡಿಯುತ್ತಿತ್ತು. ಹಿರಿಸೊಸೆ ಬಂದು ಹೋದ ಅಂಗಡಿಯ ಮೂಲೆಯಲ್ಲೇ ಚೆಂದದ ಡಬ್ಬಿಯೊಂದು ಉಳಿದಿರುತ್ತಿತ್ತು. ಅವಳ ಕಣ್ಣು ತಪ್ಪಿಸಿ ತಂದ ಅಂಥ ಡಬ್ಬಿಗಳನ್ನೇ ಕಿರಿಸೊಸೆ ಕಪಾಟಿನ ಮುಂದಿನ ಸಾಲಿನಲ್ಲಿ ಇಟ್ಟಿದ್ದಳು.

ಸೇಡಿಗೆ ಬೇಕಾದ ಸಾಮಾನೆಲ್ಲ ಮನೆಯಲ್ಲೇ ಇತ್ತು. ಖಾಲಿ ಬಿಸ್ಕತ್ತಿನ ಡಬ್ಬಿಗೆ ಬಣ್ಣ ಹೊಡೆದು ಹೊಸದಾಗಿ ಒಂದು ಗಿಣಿಯನ್ನು ಬರೆದಳು. ಒಣಗಿದ ಮೇಲೆ ಉಪ್ಪುಕಾಗದದಿಂದ ಅಲ್ಲಲ್ಲಿ ಉಜ್ಜಿ, ಅಂಚನ್ನು ಉಪ್ಪುನೀರಿನಲ್ಲಿ ನೆನೆಸಿ ತುಕ್ಕು ಹಿಡಿಸಿದಳು. ಒಳಗಿನ ತಳಕ್ಕೆ ಹಾಸಲು ಕಾಗದವೊಂದನ್ನು ಚಹಾದಲ್ಲಿ ಅದ್ದಿ ಹಳತು ಮಾಡಿದಳು. ಅದನ್ನು ಅಂಟಿಸುವ ಮುನ್ನ ತಗಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು: ‘ಇದನ್ನು ಮಾಡಿದವಳು ಗುಜರಿ ಅಂಗಡಿಯವಳು.’

ಇದನ್ನು ನಮ್ಮಕ್ಕನಿಗೇ ಮಾರಬೇಕು, ಕೊಟ್ಟವರು ಯಾರೆಂದು ಹೇಳಬಾರದು ಎಂದು ಅಂಗಡಿಯವನಿಗೆ ಒಪ್ಪಿಸಿದಾಗ ಅವನು ಹುಬ್ಬನ್ನೂ ಏರಿಸಲಿಲ್ಲ. ಒಮ್ಮೆ ತಲೆ ಕೆರೆದುಕೊಂಡು, ಆಗಲಿ ಎಂದು ಡಬ್ಬಿಯನ್ನು ಮುಂದಿನ ಸಾಲಿಗೆ ಇಟ್ಟ.

ಈಗ ಆ ಡಬ್ಬಿ ಹಿರಿಸೊಸೆಯ ಮನೆಯ ಗಾಜಿನ ಬೀರುವಿನ ನಡುಮಧ್ಯೆ ಕೂತಿತ್ತು. ಅಣ್ಣತಮ್ಮಂದಿರು, ನಾದಿನಿ, ನಾದಿನಿಯ ಗಂಡ ಎಲ್ಲರೂ ಊಟ ಮುಗಿಸಿ ಹರಟುತ್ತಿದ್ದರು. ಕಿರಿಸೊಸೆ ಎದ್ದು ಬೀರುವಿನ ಹತ್ತಿರ ಹೋದಳು.

“ಅಕ್ಕಾ, ಆ ಗಿಣಿ ಡಬ್ಬಿ ಸ್ವಲ್ಪ ಕೊಡ್ತೀರಾ?”

ಹಿರಿಸೊಸೆ ತಾನೇ ತೆಗೆದುಕೊಟ್ಟಳು. ಕಿರಿಸೊಸೆ ಉಗುರಿನಿಂದ ತಳದ ಕಾಗದವನ್ನು ಎಬ್ಬಿಸಿ ಡಬ್ಬಿಯನ್ನು ನಾದಿನಿಯ ಕೈಗಿಟ್ಟಳು. ನಾದಿನಿ ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಮನೆ ಹಾರಿಹೋಗುವಂತೆ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಿರಿಸೊಸೆಯ ಗಂಡನೇ.

“ಇನ್ಮೇಲೆ ಹಳೇದು ಯಾವುದು, ಹೊಸದು ಯಾವುದು ಅಂತ ನನ್ನ ಕೇಳಿ ತಗೊಳ್ಳಿ ಅಕ್ಕಾ,” ಎಂದಳು ಕಿರಿಸೊಸೆ. ಎದೆಯ ಮೇಲಿನ ಕಲ್ಲು ಇಳಿದಂತಿತ್ತು.

ಹಿರಿಸೊಸೆಯ ಮುಖ ಬಾಡಲಿಲ್ಲ. ಅವಳೂ ನಾಲ್ಕು ಜನರ ಜೊತೆ ನಕ್ಕಳು. ಕೈಕೆಲಸ ಚೆನ್ನಾಗಿದೆಯೆಂದು ಹೊಗಳಿ, ಒಳಗೆ ಸ್ವಲ್ಪ ಕೆಲಸವಿದೆ ಬಾ ಎಂದು ಕಿರಿಸೊಸೆಯನ್ನು ಕರೆದುಕೊಂಡು ಹೋದಳು. ಅಡುಗೆಮನೆ ದಾಟಿ ಹಿಂದಿನ ಕೋಣೆಯ ಬೀಗ ತೆಗೆದಳು. ಇಬ್ಬರೂ ಒಳಗೆ ಬಂದ ಮೇಲೆ ಬಾಗಿಲನ್ನು ಮುಂದೆ ಮಾಡಿದಳು. ಹೊರಗಿನ ನಗು ದೂರವಾಯಿತು.

ಮೇಜಿನ ಮೇಲೆ ಬಣ್ಣದ ಕುಡಿಕೆಗಳು, ಕುಂಚಗಳು, ಸವೆದ ಉಪ್ಪುಕಾಗದದ ಚೂರುಗಳು. ಕೆಳಗೆ ಬಕೆಟ್ಟಿನ ಉಪ್ಪುನೀರಿನಲ್ಲಿ ನೆನೆಯುತ್ತಿದ್ದ ತಗಡಿನ ಮುಚ್ಚಳಗಳು. ದಾರಕ್ಕೆ ಸಿಕ್ಕಿಸಿ ಒಣಹಾಕಿದ್ದ, ಚಹಾ ಬಣ್ಣದ ಕಾಗದಗಳು. ಗೋಡೆಯ ತುಂಬ ಸೀಸದಕಡ್ಡಿಯಲ್ಲಿ ಬರೆದ ಹಕ್ಕಿಗಳು. ಕಿರಿಸೊಸೆಗೆ ಆ ಹಕ್ಕಿಗಳೆಲ್ಲ ಗೊತ್ತಿದ್ದವು. ದಿನಾ ಬೆಳಿಗ್ಗೆ ಅವುಗಳ ಧೂಳನ್ನು ಒರೆಸುತ್ತಿದ್ದವಳು ಅವಳೇ.

ಅವಳು ಗೋಡೆಯ ಹಕ್ಕಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು: ತನ್ನ ಕಪಾಟಿನ ಮುಂದಿನ ಸಾಲು.

“ಅತ್ತೆ ಕೊನೆಗಾಲದಲ್ಲಿ ನನ್ನ ಕೈಯಿಂದ ಒಂದು ಗುಟುಕು ನೀರೂ ಕುಡೀಲಿಲ್ಲ,” ಎಂದಳು ಹಿರಿಸೊಸೆ, ಮೆಲ್ಲಗೆ. “ಅವರ ಕಿವಿ ಊದಿದ್ದು ಯಾರು ಅಂತ ನಾನು ಅವತ್ತೂ ಕೇಳಲಿಲ್ಲ, ಇವತ್ತೂ ಕೇಳಲ್ಲ.”

ಬಣ್ಣ ಇನ್ನೂ ಹಸಿಯಾಗಿದ್ದ ಡಬ್ಬಿಯೊಂದನ್ನು ಎರಡು ಬೆರಳಿನಲ್ಲಿ ಜೋಪಾನವಾಗಿ ಎತ್ತಿ ತೋರಿಸಿದಳು. “ಇದನ್ನ ಬರೋ ಭಾನುವಾರಕ್ಕೆ ಅಂತ ಮಾಡ್ತಿದ್ದೆ. ನಿನ್ನ ಕಪಾಟಲ್ಲಿ ಇನ್ನೊಂದಕ್ಕೆ ಜಾಗ ಇದೆ ಅಲ್ವಾ?”